ವೃತ್ತಕ್ಕೆ ಕೊನೆಯೆಲ್ಲಿ?

ಧಾರಾವಾಹಿ ಕಾದಂಬರಿಯನ್ನು ಆರಂಭಿಸುವುದು ಅಷ್ಟೇನೂ ಕಷ್ಟವಲ್ಲ. ಅದನ್ನು ಮುಗಿಸುವುದರಲ್ಲಿಯೇ ಲೇಖಕನ ಪರೀಕ್ಷೆ. ಕಂತಿನ ಮೇಲೆ ಕಂತಾಗಿ ಕಥೆಯ ಬೆನ್ನು ಹತ್ತಿ ಬಂದ ವಾಚಕರು, ಕೊನೆಯ ಪುಟವನ್ನು ಮಡಚಿಟ್ಟಾಗ, ಇಷ್ಟು ದಿನ ಕಾದುದು ಸಾರ್ಥಕವಾಯಿತೆಂದುಕೊಳ್ಳಬೇಕು. ಕಗ್ಗಂಟುಗಳೆಲ್ಲ ಬಿಚ್ಚಬೇಕು; ಬಿಚ್ಚಿದ ಮೇಲೆ ಒಳಗೆ ಏನೂ ಇರಲಿಲ್ಲವೆಂಬ ನಿರಾಶೆಯೂ ಆಗಬಾರದು. ಒಂದೇ ಕಥೆ ಮೂರು ಸಂಪುಟಗಳಾಗಿ ಹಬ್ಬಿದಾಗಲಂತೂ ಮೂರನೆಯ ಸಂಪುಟದ ಹೊಣೆ ಮತ್ತಷ್ಟು ಹೆಚ್ಚುತ್ತದೆ. ಮೊದಲಿನ ಎರಡು ಸಂಪುಟಗಳು ಮಾಡಿದ ಸಾಲವನ್ನೆಲ್ಲ ತೀರಿಸಬೇಕಾದುದು ಅದೊಂದೇ.

ಇಂಗ್ಲಿಷಿನ ವಿಜ್ಞಾನ ಕಥಾಸಾಹಿತ್ಯದಲ್ಲಿ ಈ ಪರೀಕ್ಷೆಯನ್ನು ಎದುರಿಸಿ ಗೆದ್ದ ಕೃತಿಗಳ ಪೈಕಿ ಐಸಾಕ್ ಅಸಿಮೋವರ 'ಸೆಕೆಂಡ್ ಫೌಂಡೇಶನ್' ಪ್ರಮುಖವಾದುದು. 'ಫೌಂಡೇಶನ್' 1951ರಲ್ಲಿಯೂ 'ಫೌಂಡೇಶನ್ ಅಂಡ್ ಎಂಪೈರ್' 1952ರಲ್ಲಿಯೂ ಪುಸ್ತಕರೂಪದಲ್ಲಿ ಹೊರಬಂದವು. 1953ರಲ್ಲಿ ಬಂದ ಈ ಮೂರನೆಯ ಸಂಪುಟದಿಂದ ಕಥಾತ್ರಯ ಪೂರ್ಣವಾಯಿತು. ಮೇಲುನೋಟಕ್ಕೆ ಇದು ಒಂದು ಪತ್ತೇದಾರಿ ಕಥೆ. ನಕ್ಷತ್ರಲೋಕದಲ್ಲಿ ಎಲ್ಲಿಯೋ ಅಡಗಿರುವ ಒಂದು ಗುಪ್ತ ಸಂಸ್ಥೆಯನ್ನು ಹುಡುಕುವ ಕಥೆ. ಆದರೆ ಆ ಹುಡುಕಾಟದ ಒಡಲಲ್ಲಿ ಒಂದು ಗಂಭೀರವಾದ ಪ್ರಶ್ನೆ ಕುಳಿತಿದೆ. ಜನರ ಒಳಿತನ್ನು, ಆ ಜನರಿಗೇ ಗೊತ್ತಾಗದಂತೆ, ಕೆಲವೇ ಮಂದಿ ಬಲ್ಲವರು ತೆರೆಯ ಮರೆಯಲ್ಲಿ ನಿಂತು ಸಾಧಿಸಬಹುದೆ? ಹಾಗೆ ಸಾಧಿಸಿದ ಒಳಿತನ್ನು ಒಳಿತೆಂದು ಕರೆಯಬಹುದೆ?

ಸುರಂಗ ರೈಲಿನಲ್ಲಿ ಹುಟ್ಟಿದ ಕಥೆ

1941ನೆಯ ಇಸವಿಯ ಆಗಸ್ಟ್ 1ರಂದು ಇಪ್ಪತ್ತೊಂದು ವರ್ಷದ ತರುಣನೊಬ್ಬ ನ್ಯೂಯಾರ್ಕ್ ನಗರದ ಸುರಂಗ ರೈಲಿನಲ್ಲಿ ಕುಳಿತು ಒಬ್ಬ ಪತ್ರಿಕಾ ಸಂಪಾದಕರನ್ನು ಕಾಣಲು ಹೊರಟಿದ್ದ. ಅವನು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿ. 1920ರಲ್ಲಿ ರಷ್ಯಾದ ಪೆತ್ರೋವಿಚಿ ಎಂಬ ಊರಿನಲ್ಲಿ ಹುಟ್ಟಿ, ಮೂರು ವರ್ಷದ ಮಗುವಾಗಿದ್ದಾಗ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದು ನೆಲೆಸಿದವನು. ತಂದೆಗೆ ಬ್ರೂಕ್ಲಿನ್ನಿನಲ್ಲಿ ಮಿಠಾಯಿ ಅಂಗಡಿ. ಅಂಗಡಿಯಲ್ಲಿ ಮಾರಾಟಕ್ಕೆ ಬರುತ್ತಿದ್ದ ಪತ್ರಿಕೆಗಳನ್ನು ಓದಿ ಓದಿಯೇ ಹುಡುಗನಿಗೆ ವಿಜ್ಞಾನ ಕಥೆಗಳ ಹುಚ್ಚು ಹಿಡಿದಿತ್ತು.

ಆ ದಿನ ಸಂಪಾದಕರಿಗೆ ಹೇಳಲು ಅವನ ಬಳಿ ಹೊಸ ಕಥೆ ಯಾವುದೂ ಇರಲಿಲ್ಲ. ಕೈಯಲ್ಲಿದ್ದ ಗಿಲ್ಬರ್ಟ್ ಮತ್ತು ಸಲಿವನ್ನರ ಗೀತನಾಟಕಗಳ ಪುಸ್ತಕವನ್ನು ಸುಮ್ಮನೆ ತೆರೆದ. ಯಕ್ಷಿಣಿಯರ ರಾಣಿಯೊಬ್ಬಳು ಕಾವಲು ಸಿಪಾಯಿಯ ಕಾಲಿಗೆ ಬಿದ್ದಿದ್ದ ಚಿತ್ರ ಕಣ್ಣಿಗೆ ಬಿತ್ತು. ಸಿಪಾಯಿಯಿಂದ ಸೈನ್ಯಕ್ಕೆ, ಸೈನ್ಯದಿಂದ ಸಾಮ್ರಾಜ್ಯಕ್ಕೆ, ಸಾಮ್ರಾಜ್ಯದಿಂದ ರೋಮಿಗೆ ಅವನ ಮನಸ್ಸು ಹರಿಯಿತು. ರೋಮ್ ಸಾಮ್ರಾಜ್ಯದ ಅವನತಿಯನ್ನು ಕುರಿತ ಗಿಬ್ಬನ್ನನ ಮಹಾಗ್ರಂಥವನ್ನು ಅವನು ಆಗಲೇ ಎರಡು ಬಾರಿ ಓದಿ ಮುಗಿಸಿದ್ದ. ರೋಮಿನ ಬದಲು ಇಡೀ ನಕ್ಷತ್ರಮಂಡಲವನ್ನೇ ಆಳುವ ಒಂದು ಸಾಮ್ರಾಜ್ಯ ಕುಸಿದು ಬಿದ್ದರೆ ಹೇಗೆ? ಆ ಕಥೆಯನ್ನು ಬರೆದರೆ ಹೇಗೆ?

'ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್' ಎಂಬ ಮಾಸಪತ್ರಿಕೆಯ ಸಂಪಾದಕ ಜಾನ್ ಕ್ಯಾಂಬೆಲ್ ಈ ಮಾತನ್ನು ಕೇಳಿದೊಡನೆಯೇ ಉತ್ಸಾಹಗೊಂಡರು. ಇದು ಒಂದು ಸಣ್ಣ ಕಥೆಗೆ ಮುಗಿಯತಕ್ಕ ವಸ್ತುವಲ್ಲ, ಕಥೆಗಳ ಒಂದು ಮಾಲೆಯನ್ನೇ ಬರೆಯಬೇಕೆಂದು ಪಟ್ಟು ಹಿಡಿದರು. ಮೊದಲ ಕಥೆ 1942ನೆಯ ಮೇ ತಿಂಗಳ ಸಂಚಿಕೆಯಲ್ಲಿ ಬೆಳಕು ಕಂಡಿತು; ಕಡೆಯ ಕಂತು ಅಚ್ಚಾದುದು 1950ರ ಜನವರಿಯಲ್ಲಿ. ಸುಮಾರು ಎಂಟು ವರ್ಷಗಳ ಈ ಅವಧಿಯಲ್ಲಿ ವಿದ್ಯಾರ್ಥಿಯಾಗಿದ್ದ ಅಸಿಮೋವರು ಯುದ್ಧಕಾಲದಲ್ಲಿ ಫಿಲಡೆಲ್ಫಿಯಾದ ನೌಕಾ ಕಾರ್ಯಾಗಾರದಲ್ಲಿ ದುಡಿದರು. 1948ರಲ್ಲಿ ಡಾಕ್ಟರೇಟ್ ಪಡೆದರು. 1949ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಯಲ್ಲಿ ಜೀವರಸಾಯನಶಾಸ್ತ್ರದ ಅಧ್ಯಾಪಕರಾದರು.

ಗಣಿತಕ್ಕೆ ಸಿಕ್ಕದ ಮನುಷ್ಯ

ಮೂರನೆಯ ಸಂಪುಟದ ಸ್ವಾರಸ್ಯ ತಿಳಿಯಬೇಕಾದರೆ ಮೊದಲಿನ ಎರಡರ ಕಥೆಯನ್ನು ಸ್ಥೂಲವಾಗಿಯಾದರೂ ಅರಿತಿರಬೇಕು.

ಲಕ್ಷಾಂತರ ಲೋಕಗಳನ್ನು ಹನ್ನೆರಡು ಸಾವಿರ ವರ್ಷಗಳಿಂದ ಆಳುತ್ತಿರುವ ಒಂದು ಮಹಾಸಾಮ್ರಾಜ್ಯ. ಅದರ ರಾಜಧಾನಿ ಟ್ರಾಂಟರ್ ಎಂಬ ಗ್ರಹ. ನೆಲವೇ ಕಾಣದಂತೆ ಲೋಹದ ಕಟ್ಟಡಗಳಿಂದ ಮುಚ್ಚಿಹೋದ ಗ್ರಹ. ಅಲ್ಲಿ ಹರಿ ಸೆಲ್ಡನ್ ಎಂಬ ಗಣಿತಜ್ಞನಿದ್ದಾನೆ. ಅವನು ಬೆಳೆಸಿದ ಶಾಸ್ತ್ರದ ಹೆಸರು 'ಸೈಕೋಹಿಸ್ಟರಿ'. ಕನ್ನಡದಲ್ಲಿ ಮನಶ್ಚರಿತ್ರಶಾಸ್ತ್ರ ಎಂದು ಕರೆಯಬಹುದು. ಕೋಟ್ಯಂತರ ಜನರ ಸಮುದಾಯ ಮುಂದೆ ಯಾವ ದಾರಿ ಹಿಡಿಯುತ್ತದೆಂಬುದನ್ನು ಲೆಕ್ಕ ಹಾಕಿ ಹೇಳುವ ಶಾಸ್ತ್ರವಿದು.

ಈ ಕಲ್ಪನೆಯ ಬೇರು ಅಸಿಮೋವರು ಕಲಿತ ರಸಾಯನಶಾಸ್ತ್ರದಲ್ಲಿಯೇ ಇದೆ. ಒಂದು ಬುರುಡೆಯೊಳಗಿನ ಅನಿಲದಲ್ಲಿ ಒಂದೊಂದು ಅಣುವೂ ಯಾವ ಕಡೆಗೆ ಧಾವಿಸುತ್ತದೆಂದು ಯಾರೂ ಹೇಳಲಾರರು. ಆದರೆ ಅಸಂಖ್ಯ ಅಣುಗಳು ಕೂಡಿದ ಅನಿಲದ ಒತ್ತಡವೆಷ್ಟು, ಉಷ್ಣತೆಯೆಷ್ಟು ಎಂಬುದನ್ನು ಕರಾರುವಾಕ್ಕಾಗಿ ಹೇಳಬಹುದು. ಅಣುವಿನ ಸ್ಥಾನದಲ್ಲಿ ಮನುಷ್ಯನನ್ನಿಟ್ಟರೆ ಸೆಲ್ಡನ್ನನ ಶಾಸ್ತ್ರವಾಗುತ್ತದೆ. ಅದಕ್ಕೆ ಎರಡು ನಿಬಂಧನೆಗಳುಂಟು. ಜನಸಂಖ್ಯೆ ಅಪಾರವಾಗಿರಬೇಕು ಎಂಬುದು ಮೊದಲನೆಯದು. ತಮ್ಮ ಭವಿಷ್ಯವನ್ನು ಹೀಗೆ ಲೆಕ್ಕ ಹಾಕಲಾಗಿದೆ ಎಂಬುದು ಆ ಜನರಿಗೆ ತಿಳಿದಿರಬಾರದು ಎಂಬುದು ಎರಡನೆಯದು. ಈ ಎರಡನೆಯ ನಿಬಂಧನೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಡೆಯ ಸಂಪುಟವೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಸಾಮ್ರಾಜ್ಯದ ಪತನ ತಪ್ಪದೆಂದೂ, ಆ ಮೇಲೆ ಮೂವತ್ತು ಸಾವಿರ ವರ್ಷಗಳ ಅಂಧಕಾರ ಕವಿಯುವುದೆಂದೂ ಸೆಲ್ಡನ್ನನ ಗಣಿತ ಹೇಳಿತು. ಪತನವನ್ನು ತಡೆಯುವುದು ಅಸಾಧ್ಯ. ಕತ್ತಲೆಯ ಅವಧಿಯನ್ನು ಒಂದು ಸಾವಿರ ವರ್ಷಕ್ಕೆ ಇಳಿಸುವುದು ಮಾತ್ರ ಸಾಧ್ಯ. ಅದಕ್ಕಾಗಿ ಅವನು ನಕ್ಷತ್ರಮಂಡಲದ ಎರಡು ತುದಿಗಳಲ್ಲಿ ಎರಡು ಸಂಸ್ಥೆಗಳನ್ನು ನೆಲೆಗೊಳಿಸಿದ. ಅಂಚಿನಲ್ಲಿರುವ ಟರ್ಮಿನಸ್ ಎಂಬ ಬಡ ಗ್ರಹದಲ್ಲಿ ಭೌತವಿಜ್ಞಾನಿಗಳ ಮೊದಲ ಫೌಂಡೇಶನ್ ಎಲ್ಲರ ಕಣ್ಣೆದುರಿನಲ್ಲಿಯೇ ಬೆಳೆಯಿತು. ಎರಡನೆಯದು ಎಲ್ಲಿದೆ, ಏನು ಮಾಡುತ್ತಿದೆ ಎಂಬುದು ಯಾರಿಗೂ ತಿಳಿಯದು.

ಮುನ್ನೂರು ವರ್ಷ ಎಲ್ಲವೂ ಲೆಕ್ಕದಂತೆಯೇ ನಡೆಯಿತು. ಹಾಗೆಯೇ ನಡೆಯುತ್ತಿದ್ದರೆ ಕಥೆ ಸಪ್ಪೆಯಾಗುತ್ತಿತ್ತು. ಇದನ್ನು ಮೊದಲು ಕಂಡವರು ಸಂಪಾದಕ ಕ್ಯಾಂಬೆಲ್. ಸೆಲ್ಡನ್ನನ ಯೋಜನೆಯನ್ನು ಬುಡಮೇಲು ಮಾಡಬೇಕೆಂದು 1945ರಲ್ಲಿ ಅವರು ಹೇಳಿದಾಗ ಅಸಿಮೋವರು ದಿಗಿಲುಗೊಂಡು ಒಪ್ಪಲಿಲ್ಲವಂತೆ. ಆದರೆ ಸಂಪಾದಕರ ಹಠವೇ ಗೆದ್ದಿತು. ಹಾಗೆ ಹುಟ್ಟಿದ ಪಾತ್ರವೇ 'ಮ್ಯೂಲ್'. ಆ ಮಾತಿಗೆ ಹೇಸರಗತ್ತೆ ಎಂದರ್ಥ. ಸಂತಾನಶಕ್ತಿಯಿಲ್ಲದ ತನಗೆ ತಾನೇ ಇಟ್ಟುಕೊಂಡ ಹೆಸರು. ನೋಡಲು ಕುರೂಪಿ, ದೇಹದಲ್ಲಿ ದುರ್ಬಲ. ಆದರೆ ಇತರರ ಮನಸ್ಸಿನ ಭಾವನೆಗಳನ್ನು ತನಗೆ ಬೇಕಾದಂತೆ ಬದಲಿಸಬಲ್ಲ ವಿಕೃತ ಶಕ್ತಿ ಅವನಿಗೆ ಹುಟ್ಟಿನಿಂದಲೇ ಬಂದಿದೆ. ಸಮುದಾಯದ ಗಣಿತಕ್ಕೆ ಒಂಟಿ ಮನುಷ್ಯ ಸಿಕ್ಕುವುದಿಲ್ಲ. ಟರ್ಮಿನಸ್ ಅವನ ಪದತಲದಲ್ಲಿ ಬೀಳುತ್ತದೆ. ಗುಪ್ತ ಸಂಸ್ಥೆಯ ನೆಲೆಯನ್ನು ಅವನು ತಿಳಿದುಕೊಳ್ಳಲಿದ್ದ ಕ್ಷಣದಲ್ಲಿ, ಅದನ್ನು ಹೇಳಹೊರಟ ಪಂಡಿತನನ್ನೇ ಬೇಟಾ ಡರೆಲ್ ಎಂಬ ಗೃಹಿಣಿ ಕೊಂದು ರಹಸ್ಯವನ್ನು ಕಾಪಾಡುತ್ತಾಳೆ. ಎರಡನೆಯ ಸಂಪುಟ ಮುಗಿಯುವುದು ಅಲ್ಲಿಗೆ.

ಮುಗಿಸಹೊರಟರೂ ಮುಗಿಯದ ಕಥೆ

'ಸೆಕೆಂಡ್ ಫೌಂಡೇಶನ್' ಸಂಪುಟದಲ್ಲಿ ಎರಡು ಭಾಗಗಳಿವೆ. ಗುಪ್ತ ಸಂಸ್ಥೆಯನ್ನು ಮ್ಯೂಲ್ ಹುಡುಕುವುದು ಮೊದಲ ಭಾಗ. ಇದು 1948ರ ಜನವರಿಯ ಸಂಚಿಕೆಯಲ್ಲಿ ಅಚ್ಚಾಯಿತು. ಅದನ್ನೇ ಟರ್ಮಿನಸ್ಸಿನ ಜನ ಹುಡುಕುವುದು ಎರಡನೆಯ ಭಾಗ; ಇದು 1949ರ ನವೆಂಬರಿನಿಂದ ಮೂರು ಕಂತುಗಳಲ್ಲಿ ಬಂದಿತು.

ವಾಸ್ತವವಾಗಿ ಮೊದಲ ಭಾಗದಲ್ಲಿಯೇ ಇಡೀ ಮಾಲೆಯನ್ನು ಮುಗಿಸಿಬಿಡಬೇಕೆಂಬುದು ಅಸಿಮೋವರ ಬಯಕೆಯಾಗಿತ್ತು. ಅವರಿಗೆ ಈ ಕಥೆ ಬೇಸರ ತಂದಿತ್ತು. ಅದಕ್ಕೆ ಕಾರಣವೂ ಉಂಟು. ಹೊಸ ಕಥೆಯನ್ನು ಬರೆಯಕುಳಿತಾಗಲೆಲ್ಲ ಹಿಂದಿನ ಕಥೆಗಳ ಒಂದು ವಿವರವೂ ತಪ್ಪದಂತೆ ನೋಡಿಕೊಳ್ಳಬೇಕು. ಹಿಂದಿನದನ್ನು ಓದದವರಿಗಾಗಿ ನಡೆದುದನ್ನೆಲ್ಲ ಮತ್ತೆ ಹೇಳಬೇಕು. ಮಾಲೆ ಬೆಳೆದಂತೆಲ್ಲ ಈ ಹೊರೆಯೂ ಬೆಳೆಯಿತು. ಧಾರಾವಾಹಿಗಳನ್ನು ಬರೆದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಆದರೆ ಕ್ಯಾಂಬೆಲ್ ಬಿಡಲಿಲ್ಲ. ಅಂತ್ಯವನ್ನು ಬದಲಿಸಿ ಬಾಗಿಲನ್ನು ತೆರೆದಿಡಬೇಕೆಂದರು. ಇನ್ನೊಂದು ಕಥೆಯನ್ನು ಬರೆದುಕೊಡುವ ಮಾತನ್ನೂ ಪಡೆದುಕೊಂಡರು.

ಹೀಗೆ ಒತ್ತಾಯಕ್ಕೆ ಬರೆದ ಆ ಇನ್ನೊಂದು ಕಥೆಯೇ ಮೂರೂ ಸಂಪುಟಗಳಲ್ಲಿ ಅತ್ಯಂತ ಹೃದ್ಯವಾದ ಭಾಗವಾಗಿ ಪರಿಣಮಿಸಿದುದು ಸೋಜಿಗದ ಸಂಗತಿ.

ಹದಿನಾಲ್ಕು ವರ್ಷದ ನಾಯಿಕೆ

ಮ್ಯೂಲ್ ಸೋತ ಬಗೆಯೇ ಕುತೂಹಲಕರವಾದುದು. ಗುಪ್ತ ಸಂಸ್ಥೆಯವರೂ ಮನೋವ್ಯಾಪಾರದಲ್ಲಿ ಪಳಗಿದವರು. ಅವರು ಅವನನ್ನು ಕೊಲ್ಲುವುದಿಲ್ಲ. ಅವನ ಮನಸ್ಸನ್ನು ತಿದ್ದಿ ಹುಡುಕಾಟವನ್ನೇ ಮರೆಯಿಸಿ ಹಿಂದಕ್ಕೆ ಕಳುಹಿಸುತ್ತಾರೆ. ಅವನು ಶಾಂತನಾಗಿ ರಾಜ್ಯವಾಳಿ ಕಾಲವಶನಾಗುತ್ತಾನೆ. ಟರ್ಮಿನಸ್ ಮತ್ತೆ ಸ್ವತಂತ್ರವಾಗುತ್ತದೆ.

ಆದರೆ ಒಂದು ಹಾನಿ ಆಗಿಯೇ ಹೋಯಿತು. ತಮ್ಮನ್ನು ಕಾಪಾಡಲು, ಅಷ್ಟೇಕೆ, ತಮ್ಮನ್ನು ನಡೆಸಲು ಅಗೋಚರ ಕೈಗಳು ಇವೆ ಎಂಬುದು ಟರ್ಮಿನಸ್ಸಿನ ಜನಕ್ಕೆ ತಿಳಿದುಹೋಯಿತು. ಸೆಲ್ಡನ್ನನ ಎರಡನೆಯ ನಿಬಂಧನೆ ಮುರಿದುಬಿದ್ದಿತು. ಕಾಯುವವರು ಇದ್ದಾರಲ್ಲ ಎಂದು ಕೆಲವರು ಕೈಕಟ್ಟಿ ಕುಳಿತರು. ತಾವು ಯಾರದೋ ಸೂತ್ರದ ಗೊಂಬೆಗಳಾದೆವಲ್ಲ ಎಂದು ಇನ್ನು ಕೆಲವರು ಕುದಿದರು. ಮ್ಯೂಲನ ಕಾಲದಿಂದ ಸುಮಾರು ಅರುವತ್ತು ವರ್ಷಗಳ ಮೇಲೆ, ಹೀಗೆ ಕುದಿಯುವ ಐವರು ಟೋರನ್ ಡರೆಲ್ ಎಂಬ ವಿಜ್ಞಾನಿಯ ಮನೆಯಲ್ಲಿ ಗುಟ್ಟಾಗಿ ಸೇರುತ್ತಾರೆ. ಈ ಡರೆಲ್, ಬೇಟಾಳ ಮಗ. ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು ನೋಡಿ, ಯಾರ ಮನಸ್ಸನ್ನು ಹೊರಗಿನವರು ತಿದ್ದಿದ್ದಾರೆಂಬುದನ್ನು ಪತ್ತೆ ಮಾಡುವ ಉಪಾಯ ಅವರ ಬಳಿ ಇದೆ.

ಆ ಮನೆಯಲ್ಲಿ ಹದಿನಾಲ್ಕು ವರ್ಷದ ಮಗಳೊಬ್ಬಳಿದ್ದಾಳೆ. ಹೆಸರು ಆರ್ಕೇಡಿಯಾ; ತನ್ನನ್ನು ಆರ್ಕೇಡಿ ಎಂದು ಕರೆದುಕೊಳ್ಳುವುದು ಅವಳಿಗೆ ಇಷ್ಟ. ತಾಯಿಯಿಲ್ಲದ ಹುಡುಗಿ, ಮಾತಿನಲ್ಲಿ ಚುರುಕು, ಮುಂದೆ ದೊಡ್ಡ ಲೇಖಕಿಯಾಗಬೇಕೆಂಬ ಕನಸು. ಅವಳು ಶಾಲೆಗಾಗಿ ಸೆಲ್ಡನ್ನನ ಯೋಜನೆಯ ಮೇಲೆ ಪ್ರಬಂಧ ಬರೆಯುವುದರೊಡನೆ ಕಥೆ ಆರಂಭವಾಗುತ್ತದೆ. ಬರೆಯುವುದೆಂದರೆ ಕೈಯಿಂದಲ್ಲ, ಹೇಳಿದ ಮಾತನ್ನು ಅಂದವಾದ ಕೈಬರಹಕ್ಕೆ ಇಳಿಸುವ ಹೊಸ ಯಂತ್ರವೊಂದನ್ನು ತಂದೆ ಕೊಡಿಸಿದ್ದಾನೆ. 1949ರಲ್ಲಿ ಇದು ಲೇಖಕನ ಕನಸು. ಇಂದು ಜೇಬಿನಲ್ಲಿರುವ ಫೋನಿಗೂ ಸಾಧ್ಯವಾದ ಕೆಲಸ. ಹಿಂದಿನ ಕಥೆಯನ್ನು ಮತ್ತೆ ಹೇಳಬೇಕಾದ ಹೊರೆಯನ್ನು ಲೇಖಕರು ಎಷ್ಟು ಜಾಣತನದಿಂದ ಹಗುರಮಾಡಿಕೊಂಡಿದ್ದಾರೆಂಬುದನ್ನು ಇಲ್ಲಿ ಗಮನಿಸಬಹುದು. ಹುಡುಗಿಯ ಶಾಲಾಪ್ರಬಂಧವೇ ವಾಚಕರಿಗೆ ಹಿಂದಿನ ಕಥೆಯ ಸಾರಾಂಶ.

ಮೊದಲ ಸಂಪುಟದಲ್ಲಿ ಹೆಣ್ಣುಪಾತ್ರಗಳು ಇಲ್ಲವೇ ಇಲ್ಲವೆಂದರೂ ನಡೆದೀತು. ಎರಡನೆಯದರಲ್ಲಿ ಬೇಟಾ, ಮೂರನೆಯದರಲ್ಲಿ ಅವಳ ಮೊಮ್ಮಗಳು ಆರ್ಕೇಡಿಯಾ ಬಂದು ಆ ಕೊರತೆಯನ್ನು ತುಂಬಿದರು. ಗುಟ್ಟಿನ ಸಭೆಯನ್ನು ಕದ್ದು ಕೇಳಿ, ಹೋಮಿರ್ ಮನ್ ಎಂಬ ಪುಕ್ಕಲು ಗ್ರಂಥಪಾಲಕ ಕಲ್ಗಾನ್ ಗ್ರಹಕ್ಕೆ ಹೊರಟಾಗ ಅವನ ನೌಕೆಯಲ್ಲಿ ಈ ಹುಡುಗಿ ಅಡಗಿ ಕೂರುತ್ತಾಳೆ. ಕಲ್ಗಾನಿನ ದೊರೆ ಸ್ಟೆಟಿನ್ನನ ದುರಾಸೆಗೆ ಸಿಕ್ಕಿಬೀಳುವ ಹೊತ್ತಿಗೆ ಅವನ ಪ್ರೇಯಸಿ ಕ್ಯಾಲಿಯಾಳ ನೆರವಿನಿಂದ ತಪ್ಪಿಸಿಕೊಳ್ಳುತ್ತಾಳೆ. ದಡ್ಡಿಯಂತೆ ನಟಿಸುತ್ತಿದ್ದ ಕ್ಯಾಲಿಯಾ ಗುಪ್ತ ಸಂಸ್ಥೆಯವಳೆಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯುತ್ತದೆ. ಆ ಸಂಸ್ಥೆ ಎಲ್ಲಿದೆಯೆಂಬುದೂ ಹೊಳೆದಂತಾಗುತ್ತದೆ. ಪೊಲೀಸರು ಬೆನ್ನಟ್ಟಿ ಬರುತ್ತಿದ್ದಾಗ ಅವಳನ್ನು ತನ್ನ ಮಗಳಂತೆ ಕೈಹಿಡಿದು ಟ್ರಾಂಟರಿಗೆ ಕರೆದೊಯ್ಯುವವನು ಪ್ರೀಮ್ ಪಾಲ್ವರ್ ಎಂಬ ಹಳ್ಳಿಗಾಡಿನ ವ್ಯಾಪಾರಿ. ಒಂದು ಕಾಲದ ರಾಜಧಾನಿ ಟ್ರಾಂಟರ್ ಸುಲಿಗೆಗೊಂಡು ಹಾಳಾಗಿದೆ. ಅಲ್ಲಿಯ ರೈತರು ಲೋಹದ ಹೊದಿಕೆಯನ್ನು ಕಿತ್ತು ಮಾರಿ, ಕೆಳಗಿನ ಮಣ್ಣನ್ನು ಉತ್ತು ಬದುಕುತ್ತಿದ್ದಾರೆ.

ಒಂದು ಪ್ರಶ್ನೆ, ಹಲವು ಉತ್ತರ

ಕಥೆಯ ಗುಟ್ಟನ್ನು ತಾವಾಗಿಯೇ ಓದಿ ತಿಳಿಯಬಯಸುವ ವಾಚಕರು ಇಲ್ಲಿಂದ ಮುಂದಿನದನ್ನು ಬಿಟ್ಟುಬಿಡುವುದು ಒಳ್ಳೆಯದು.

ಕಲ್ಗಾನ್ ಸಾರಿದ ಯುದ್ಧ ಟರ್ಮಿನಸ್ಸಿನ ಗೆಲುವಿನಲ್ಲಿ ಮುಗಿಯುತ್ತದೆ. ಮತ್ತೆ ಐವರು ಡರೆಲ್ಲನ ಮನೆಯಲ್ಲಿ ಸೇರುತ್ತಾರೆ. ಎರಡನೆಯ ಫೌಂಡೇಶನ್ ಎಲ್ಲಿದೆ? ಅಂಥದೊಂದು ಸಂಸ್ಥೆ ಇಲ್ಲವೇ ಇಲ್ಲವೆನ್ನುತ್ತಾನೆ ಗ್ರಂಥಪಾಲಕ ಮನ್. ಅದು ಕಲ್ಗಾನಿನಲ್ಲಿಯೇ ಇದೆಯೆನ್ನುತ್ತಾನೆ ತರುಣ ಪೆಲಿಯಾಸ್ ಆಂಥರ್. ಕಡೆಯಲ್ಲಿ ಡರೆಲ್ ಬಾಯಿ ತೆರೆಯುತ್ತಾನೆ. ಮಗಳು ಟ್ರಾಂಟರಿನಿಂದ ಒಂದೇ ಒಂದು ವಾಕ್ಯವನ್ನು ಹೇಳಿ ಕಳುಹಿಸಿದ್ದಾಳೆ: ವೃತ್ತಕ್ಕೆ ಕೊನೆಯಿಲ್ಲ. ವೃತ್ತದ ಪರಿಧಿಯಲ್ಲಿ ನಡೆದು ಹೊರಟವನು ಹೊರಟಲ್ಲಿಗೇ ಬಂದು ಮುಟ್ಟುತ್ತಾನೆ. ಆದ್ದರಿಂದ ಗುಪ್ತ ಸಂಸ್ಥೆ ಇರುವುದು ಟರ್ಮಿನಸ್ಸಿನಲ್ಲಿಯೇ, ತಮ್ಮ ನಡುವೆಯೇ! ಇಷ್ಟು ಹೇಳಿ ಅವನು ತಾನು ರಚಿಸಿದ ಯಂತ್ರವನ್ನು ಚಾಲನೆ ಮಾಡುತ್ತಾನೆ. ತರಬೇತಾದ ಮನಸ್ಸುಗಳಿಗೆ ಮಾತ್ರ ನೋವುಂಟುಮಾಡುವ ಯಂತ್ರವದು. ಆಂಥರ್ ನರಳುತ್ತ ನೆಲಕ್ಕೆ ಬೀಳುತ್ತಾನೆ. ಸಂಚಿನ ಗುಂಪಿನಲ್ಲಿಯೇ ಶತ್ರು ಸೇರಿಕೊಂಡಿದ್ದ! ಅವನ ಬಾಯಿಂದ ಹೊರಟ ಸುಳಿವನ್ನು ಹಿಡಿದು ಐವತ್ತು ಮಂದಿಯನ್ನು ಬಂಧಿಸುತ್ತಾರೆ. ಟರ್ಮಿನಸ್ ನಿಟ್ಟುಸಿರು ಬಿಡುತ್ತದೆ. ಇನ್ನು ತಮ್ಮನ್ನು ಆಡಿಸುವವರು ಯಾರೂ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೂ ಕಥೆ ಸೊಗಸಾಗಿಯೇ ಇರುತ್ತಿತ್ತು. ಆದರೆ ಇನ್ನೊಂದು ಅಧ್ಯಾಯ ಉಳಿದಿದೆ. ಆ ಐವತ್ತು ಮಂದಿ ಗುಪ್ತ ಸಂಸ್ಥೆಯ ಒಂದು ಸಣ್ಣ ಅಂಶ ಮಾತ್ರ. ಸಂಸ್ಥೆ ನಾಶವಾಯಿತೆಂದು ಜನ ನಂಬಲೆಂದು ತಾವಾಗಿಯೇ ಬಲಿಹೋದವರು. ನಿಜವಾದ ನೆಲೆ ಟ್ರಾಂಟರ್. ಹರಿ ಸೆಲ್ಡನ್ ಭೂಗೋಳಜ್ಞನಲ್ಲ, ಸಮಾಜವನ್ನು ಅಭ್ಯಾಸ ಮಾಡಿದವನು. ಸಮಾಜದ ದೃಷ್ಟಿಯಲ್ಲಿ ಅಂಚಿಗೆ ಎದುರಾದ ತುದಿ ಇನ್ನೊಂದು ಅಂಚಲ್ಲ, ಕೇಂದ್ರ. ಅಧಿಕಾರದ ಹೊರ ಅಂಚಿನಲ್ಲಿ ಒಂದು ಸಂಸ್ಥೆಯನ್ನಿಟ್ಟ ಅವನು ಇನ್ನೊಂದನ್ನು ಅಧಿಕಾರದ ನಡುಮನೆಯಲ್ಲಿಯೇ ಇಟ್ಟಿದ್ದ. ಆ ಸಂಸ್ಥೆಯ ಮುಖ್ಯಸ್ಥನಾದರೋ ಬೇರಾರೂ ಅಲ್ಲ, ಹುಡುಗಿಯನ್ನು ಕೈಹಿಡಿದು ಕಾಪಾಡಿದ ಪ್ರೀಮ್ ಪಾಲ್ವರ್. ವೃತ್ತದ ಆ ತಪ್ಪು ಉತ್ತರವನ್ನು ತಂದೆಗೆ ಮುಟ್ಟಿಸಿದ ದೂತನೂ ಅವನೇ.

ಗೆಲುವಿನ ಬೆಲೆ

ಪತ್ತೇದಾರಿಯ ಚಮತ್ಕಾರದ ದೃಷ್ಟಿಯಿಂದ ಇದಕ್ಕಿಂತ ಅಚ್ಚುಕಟ್ಟಾದ ಮುಕ್ತಾಯವನ್ನು ಕಾಣುವುದು ಕಷ್ಟ. ಆದರೆ ವಾಚಕನ ಮನಸ್ಸನ್ನು ಕೊರೆಯುವುದು ಈ ಚಮತ್ಕಾರವಲ್ಲ. ಅದಕ್ಕೆ ಮುಂಚಿನ ಒಂದು ಸಣ್ಣ ಪ್ರಸಂಗ.

ಮಗಳಿಗೆ ಆ ಉತ್ತರ ಅಷ್ಟು ಥಟ್ಟನೆ ಹೇಗೆ ಹೊಳೆಯಿತು? ಅವಳ ಮನಸ್ಸನ್ನೂ ಯಾರಾದರೂ ತಿದ್ದಿರಬಹುದೆ? ಈ ಸಂಶಯ ಡರೆಲ್ಲನನ್ನು ಬೇಯಿಸುತ್ತದೆ. ಅವಳು ಹಿಂದಿರುಗಿದ ಮೇಲೆ ಅವಳ ಮಿದುಳಿನ ಅಲೆಗಳನ್ನು ತಾನೇ ಪರೀಕ್ಷಿಸುತ್ತಾನೆ. ತಿದ್ದಿದ ಗುರುತು ಎಲ್ಲಿಯೂ ಇಲ್ಲ. ತಂದೆಯ ಎದೆ ಹಗುರವಾಗುತ್ತದೆ. ತನ್ನ ಮಗಳು ತನ್ನ ಮಗಳೇ. ಅವಳ ಬುದ್ಧಿ ಅವಳದೇ. ಆದರೆ ಕೊನೆಯ ಅಧ್ಯಾಯ ವಾಚಕನ ಕಿವಿಯಲ್ಲಿ ಬೇರೆ ಮಾತನ್ನು ಹೇಳುತ್ತದೆ. ಆರ್ಕೇಡಿಯಾ ಹುಟ್ಟಿದ್ದು ಟ್ರಾಂಟರಿನಲ್ಲಿ. ಹಸುಳೆಯಾಗಿದ್ದಾಗಲೇ ಅವಳ ಮನಸ್ಸನ್ನು ಹದಗೊಳಿಸಿದ್ದರು. ಬೆಳೆದ ಮನಸ್ಸನ್ನು ತಿದ್ದಿದರೆ ಗಾಯದ ಕಲೆ ಉಳಿಯುತ್ತದೆ. ಎಳೆಯ ಮನಸ್ಸಿನಲ್ಲಿ ಕಲೆ ಉಳಿಯುವುದಿಲ್ಲ. ಮಗಳಿಗೆ ಇದು ತಿಳಿಯದು. ತಂದೆಗೆ ಎಂದೆಂದಿಗೂ ತಿಳಿಯುವುದಿಲ್ಲ.

ಗುಪ್ತ ಸಂಸ್ಥೆಯವರು ದುಷ್ಟರೇನೂ ಅಲ್ಲ. ಅವರಿಗೆ ಸಿಂಹಾಸನ ಬೇಕಿಲ್ಲ, ಹೊನ್ನು ಬೇಕಿಲ್ಲ. ಕಗ್ಗತ್ತಲೆಯ ಮೂವತ್ತು ಸಾವಿರ ವರ್ಷಗಳನ್ನು ತಪ್ಪಿಸುವ ಗುರಿಗಾಗಿ ತಮ್ಮವರೇ ಐವತ್ತು ಮಂದಿಯನ್ನು ಬಲಿಕೊಟ್ಟವರು ಅವರು. ಆ ಹುಡುಗಿಗೂ ಕೇಡನ್ನೇನೂ ಮಾಡಲಿಲ್ಲ. ಅವಳ ಜಾಣ್ಮೆಯನ್ನು ಹೆಚ್ಚಿಸಿದೆವೆಂದೇ ಅವರು ಭಾವಿಸುತ್ತಾರೆ. ಆದರೂ ತೊಟ್ಟಿಲ ಮಗುವಿನ ಮನಸ್ಸಿಗೆ ಕೈ ಹಾಕುವ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು?

ಚಾಣಕ್ಯ ಮತ್ತು ರಾಕ್ಷಸರ ಕಥೆಯನ್ನು ಬಲ್ಲ ಕನ್ನಡ ವಾಚಕರಿಗೆ ಇಲ್ಲಿ ಒಂದು ಹೋಲಿಕೆ ತಾನಾಗಿಯೇ ಹೊಳೆಯುತ್ತದೆ. ವಿಶಾಖದತ್ತನ 'ಮುದ್ರಾರಾಕ್ಷಸ'ದಲ್ಲಿಯೂ, ಅದೇ ಕಥೆಯನ್ನು ಕನ್ನಡ ಗದ್ಯದಲ್ಲಿ ಹೇಳಿದ ಕೆಂಪುನಾರಾಯಣನ 'ಮುದ್ರಾಮಂಜೂಷ'ದಲ್ಲಿಯೂ ಚಾಣಕ್ಯ ತನ್ನ ಗೂಢಚಾರರನ್ನು ಶತ್ರುವಿನ ಆಪ್ತರನ್ನಾಗಿ ಮಾಡಿ, ಅವನು ತಾನಾಗಿಯೇ ಇಟ್ಟೆನೆಂದುಕೊಂಡ ಹೆಜ್ಜೆಗಳನ್ನೆಲ್ಲ ತಾನು ಇಡಿಸುತ್ತಾನೆ. ಆಂಥರನೂ ಅಂಥವನೇ. ಆದರೆ ಅಲ್ಲಿ ಕೊನೆಗೆ ತೆರೆ ಸರಿಯುತ್ತದೆ. ರಾಕ್ಷಸ ಚಾಣಕ್ಯನನ್ನು ಮುಖಾಮುಖಿಯಾಗಿ ಕಾಣುತ್ತಾನೆ. ನಡೆದುದೆಲ್ಲ ತಿಳಿದ ಮೇಲೆ, ಮಿತ್ರ ಚಂದನದಾಸನ ಪ್ರಾಣವನ್ನುಳಿಸಲು ಮಂತ್ರಿಪದವನ್ನು ಒಪ್ಪಿಕೊಳ್ಳುತ್ತಾನೆ. ಒಪ್ಪಿಗೆ ಕಷ್ಟದ್ದಾದರೂ ಅದು ಅವನದೇ ಒಪ್ಪಿಗೆ. ಟರ್ಮಿನಸ್ಸಿನ ಜನಕ್ಕೆ ಆ ಅವಕಾಶವೇ ಇಲ್ಲ. ಅವರು ಸ್ವಾತಂತ್ರ್ಯ ಬಂದಿತೆಂದು ಹಬ್ಬ ಮಾಡುವುದು, ಅದು ಬಾರದೆ ಇದ್ದ ದಿನವೇ.

ಈ ವಿಷಯದಲ್ಲಿ ಅಸಿಮೋವರು ತೀರ್ಪು ಕೊಡುವುದಿಲ್ಲ. ಅವರು ಮಾಡಿದುದು ಇಷ್ಟೇ: ಕಥೆಯೊಳಗಿನ ಯಾರಿಗೂ ತಿಳಿಯದ ಸತ್ಯವನ್ನು ವಾಚಕನೊಬ್ಬನಿಗೆ ಒಪ್ಪಿಸಿ ಹೊರಟುಹೋದರು. ಸುಖಾಂತ್ಯವನ್ನು ಕಂಡು ಸಂತೋಷಪಡಬೇಕಾದ ವಾಚಕ, ಆ ಸುಖ ಎಂಥದೆಂಬುದನ್ನು ಬಲ್ಲ ಏಕಮಾತ್ರ ಸಾಕ್ಷಿಯಾಗಿ ಉಳಿಯುತ್ತಾನೆ. ಪುಸ್ತಕವನ್ನು ಮುಚ್ಚಿದ ಮೇಲೂ ಅದು ಮನಸ್ಸನ್ನು ಬಿಡದಿರುವುದಕ್ಕೆ ಇದೇ ಕಾರಣ.

ಮೂವತ್ತು ವರ್ಷಗಳ ಮೇಲೆ

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಮಹಾಯುದ್ಧಗಳೆಲ್ಲ ತೆರೆಯ ಹಿಂದೆ ನಡೆಯುತ್ತವೆ. ತೆರೆಯ ಮುಂದೆ ಜನ ಕುಳಿತು ಮಾತನಾಡುತ್ತಾರೆ. ಹಲವು ವರ್ಷಗಳ ತರುವಾಯ ತಮ್ಮ ಮೂರು ಸಂಪುಟಗಳನ್ನು ತಾವೇ ಮತ್ತೆ ಓದಿದ ಅಸಿಮೋವರು, ಏನಾದರೂ ನಡೆದೀತೆಂದು ಕಾದು ಕುಳಿತರೂ ಏನೂ ನಡೆಯಲಿಲ್ಲವೆಂದು ನಗೆಯಾಡಿದ್ದಾರೆ. ಆದರೂ ಪುಸ್ತಕವನ್ನು ಕೆಳಗಿಡಲು ಅವರಿಗೂ ಆಗಲಿಲ್ಲವಂತೆ.

ಮೊದಲು ಪ್ರಕಟಿಸಿದ ಗ್ನೋಮ್ ಪ್ರೆಸ್ ಒಂದು ಸಣ್ಣ ಸಂಸ್ಥೆ. 1961ರಲ್ಲಿ ಡಬಲ್‌ಡೇ ಎಂಬ ದೊಡ್ಡ ಪ್ರಕಾಶಕರು ಹಕ್ಕುಗಳನ್ನು ಪಡೆದ ಮೇಲೆಯೇ ಪುಸ್ತಕಗಳು ದೂರ ದೂರಕ್ಕೆ ಹಬ್ಬಿದವು. 1966ರಲ್ಲಿ, ಅಲ್ಲಿಯವರೆಗಿನ ಕಥಾಮಾಲೆಗಳಲ್ಲೆಲ್ಲ ಶ್ರೇಷ್ಠವಾದುದೆಂದು ಹ್ಯೂಗೋ ಪ್ರಶಸ್ತಿ ಇದಕ್ಕೆ ಸಂದಿತು. ಟೋಲ್ಕೀನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಆ ಸ್ಪರ್ಧೆಯಲ್ಲಿತ್ತೆಂಬುದನ್ನು ನೆನೆದರೆ ಈ ಗೌರವದ ತೂಕ ತಿಳಿಯುತ್ತದೆ. 2008ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಪಾಲ್ ಕ್ರೂಗ್‌ಮನ್, ಹುಡುಗನಾಗಿದ್ದಾಗ ಹರಿ ಸೆಲ್ಡನ್ನನ ಶಾಸ್ತ್ರಕ್ಕೆ ಮರುಳಾದುದೇ ತಾವು ಅರ್ಥಶಾಸ್ತ್ರಕ್ಕೆ ಬರಲು ಕಾರಣವೆಂದಿದ್ದಾರೆ. 2018ರ ಫೆಬ್ರವರಿಯಲ್ಲಿ ರಾಕೆಟ್ಟೊಂದು ಸೂರ್ಯನ ಸುತ್ತಲಿನ ಕಕ್ಷೆಗೆ ಒಂದು ಮೋಟಾರು ಕಾರನ್ನು ಹಾರಿಸಿತು. ಅದರೊಳಗಿನ ಸ್ಫಟಿಕದ ಸಣ್ಣ ಬಿಲ್ಲೆಯ ಮೇಲೆ ಈ ಮೂರು ಕಾದಂಬರಿಗಳನ್ನೂ ಕೊರೆದಿಟ್ಟಿದ್ದರು. 2021ರಿಂದ ಕಥೆ ದೂರದರ್ಶನ ಧಾರಾವಾಹಿಯಾಗಿಯೂ ಬಂದಿದೆ.

ಆದರೆ ಮುಗಿಯಿತೆಂದುಕೊಂಡ ಕಥೆ ಮುಗಿದಿರಲಿಲ್ಲ. ಸಾವಿರ ವರ್ಷಗಳ ಯೋಜನೆಯಲ್ಲಿ ಮೂರನೆಯ ಸಂಪುಟ ನಿಂತುದು ನಾನ್ನೂರಕ್ಕೂ ಕಡಮೆ ವರ್ಷಗಳಲ್ಲಿ. ಮುಂದೇನಾಯಿತೆಂದು ವಾಚಕರು ಕೇಳುತ್ತಲೇ ಇದ್ದರು. ಪ್ರಕಾಶಕರ ಒತ್ತಾಯಕ್ಕೆ ಮಣಿದು ಅಸಿಮೋವರು 1982ರಲ್ಲಿ 'ಫೌಂಡೇಶನ್ಸ್ ಎಡ್ಜ್' ಬರೆದರು. ಮರುವರ್ಷ ಅದಕ್ಕೂ ಹ್ಯೂಗೋ ಪ್ರಶಸ್ತಿ ಬಂದಿತು. ಮಾಲೆ ಮತ್ತೆ ಬೆಳೆಯಿತು. 1992ರಲ್ಲಿ ಅವರು ತೀರಿಕೊಂಡ ಮೇಲೆ, 1993ರಲ್ಲಿ ಅದರ ಇನ್ನೊಂದು ಸಂಪುಟ ಹೊರಬಂದಿತು.

ಆ 1982ರ ಕಾದಂಬರಿ ಆರಂಭವಾಗುವ ಬಗೆಯನ್ನು ನೋಡಿದರೆ, ಹಳೆಯ ಪ್ರಶ್ನೆ ಲೇಖಕರನ್ನೂ ಬಿಟ್ಟಿರಲಿಲ್ಲವೆಂದು ತೋರುತ್ತದೆ. ಟರ್ಮಿನಸ್ಸಿನ ಗೋಲಾನ್ ಟ್ರೆವೀಜ್ ಎಂಬ ತರುಣನಿಗೆ ಒಂದು ಸಂಶಯ ಬರುತ್ತದೆ. ಎಲ್ಲವೂ ಸೆಲ್ಡನ್ನನ ಲೆಕ್ಕದಂತೆ ಇಷ್ಟು ನಿಖರವಾಗಿ ನಡೆಯುತ್ತಿರುವುದಾದರೂ ಹೇಗೆ? ತಮ್ಮನ್ನು ನಡೆಸುವ ಕೈಗಳು ಇನ್ನೂ ಇದ್ದೇ ಇವೆಯೆ? ಬಹಿರಂಗವಾಗಿ ಇದನ್ನು ಕೇಳಿದ್ದಕ್ಕಾಗಿ ಅವನ ಸರಕಾರವೇ ಅವನನ್ನು ಬಂಧಿಸುತ್ತದೆ. ಆರ್ಕೇಡಿಯಾಳ ತಂದೆ ಸಮಾಧಾನದಿಂದ ಬದಿಗಿಟ್ಟ ಸಂಶಯವನ್ನು ಈ ತರುಣ ಎತ್ತಿಕೊಂಡು ಮನೆ ಬಿಟ್ಟು ಹೊರಡುತ್ತಾನೆ.